ಮಗಳು ಟೀಚರ್ ಆಗಬೇಕೆ? ಯಾವ ಓದು, ಎಷ್ಟು ವರ್ಷ?

ರಾತ್ರಿ ಎಂಟು ಗಂಟೆ. ಕಲಿಕಾ ಕೇಂದ್ರದಲ್ಲಿ ಅಂದಿನ ಪಾಠ ಮುಗಿದಿತ್ತು. ನಾವು ಸ್ಲೇಟು, ಪುಸ್ತಕ ಎತ್ತಿಡುತ್ತಿದ್ದೆವು. ಎಲ್ಲರೂ ಮನೆಗೆ ಹೊರಟರು. ಒಬ್ಬ ಅಕ್ಕ ಮಾತ್ರ ಕೂತೇ ಇದ್ದರು.

"ಏನಕ್ಕ, ಮನೆಗೆ ಹೋಗಲ್ವಾ?" ಎಂದು ಕೇಳಿದೆವು.

"ಮೇಡಂ, ನನ್ನ ಮಗಳು ಎಸ್ಸೆಸ್ಸೆಲ್ಸಿ ಪಾಸಾದ್ಲು. ಟೀಚರ್ ಆಗ್ತೀನಿ ಅಂತಾಳೆ. ಚಿಕ್ಕ ಮಕ್ಕಳಿಗೆ ಪಾಠ ಹೇಳ್ಬೇಕಂತೆ. ಅವಳ ಚಿಕ್ಕಪ್ಪ ಬಿ.ಎಡ್. ಮಾಡಿಸಿ ಅಂತಾನೆ. ಪಕ್ಕದ ಮನೆಯವರು ಅದೇನೋ ನಾಲ್ಕು ವರ್ಷದ ಡಿಗ್ರಿ ಬಂದಿದೆ ಅಂತಾರೆ. ಬೇಗ ಮುಗಿಯೋದು ಯಾವ್ದು ಕೇಳ್ಕೊಂಡು ಬಾ ಅಂದ್ರು ನಮ್ಮೆಜಮಾನ್ರು. ನನಗೆ ಒಂದೂ ತಿಳಿಯಲ್ಲ."

ಇದು ಆ ಅಕ್ಕ ಒಬ್ಬರ ಪ್ರಶ್ನೆ ಅಲ್ಲ. ಬಹಳ ಮನೆಗಳಲ್ಲಿ ಇದೇ ಪ್ರಶ್ನೆ ಇದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ನಿಧಾನವಾಗಿ ಓದಿ. ಒಂದೇ ದಿನ ಓದಿ ಮುಗಿಸಬೇಕು ಅಂತೇನೂ ಇಲ್ಲ.

ಪಾಠ ಹೇಳೋದಕ್ಕೂ ತರಬೇತಿ ಬೇಕೆ?

"ಒಂದನೇ ಕ್ಲಾಸಿಗೆ ಏನು ದೊಡ್ಡ ಓದು ಬೇಕು? ಅ ಆ ಇ ಈ ಹೇಳಿಕೊಟ್ಟರೆ ಆಯ್ತಲ್ಲ!" ಎಂದು ಕೆಲವರು ಹೇಳುತ್ತಾರೆ. ಹಾಗೆ ಹೇಳುವವರು ಚಿಕ್ಕ ಮಕ್ಕಳ ಮುಂದೆ ಒಂದು ದಿನ ನಿಂತು ನೋಡಬೇಕು.

ಒಂದು ಉದಾಹರಣೆ ಹೇಳುತ್ತೇವೆ. ಮೂರನೇ ಕ್ಲಾಸಿನ ಹುಡುಗಿಗೆ ಟೀಚರು "ನೂರ ಮೂವತ್ತೈದು ಬರಿ" ಎಂದರು. ಹುಡುಗಿ ಸ್ಲೇಟಿನ ಮೇಲೆ 100305 ಎಂದು ಬರೆದಳು. ನೋಡಿದವರಿಗೆ ನಗು ಬರುತ್ತದೆ. ಕೆಲವರಿಗೆ ಸಿಟ್ಟೂ ಬರುತ್ತದೆ. "ದಡ್ಡಿ" ಎಂದು ತಲೆಗೆ ಮೊಟಕುವವರೂ ಇದ್ದಾರೆ.

ಆದರೆ ಆ ಹುಡುಗಿ ದಡ್ಡಿಯೆ? ಅವಳು ಕಿವಿಗೆ ಬಿದ್ದದ್ದನ್ನು ಹಾಗೇ ಬರೆದಿದ್ದಾಳೆ. ನೂರು ಎಂದರೆ 100. ಮೂವತ್ತು ಎಂದರೆ 30. ಐದು ಎಂದರೆ 5. ಮೂರನ್ನೂ ಸಾಲಾಗಿ ಇಟ್ಟಿದ್ದಾಳೆ. ಅವಳ ಲೆಕ್ಕದಲ್ಲಿ ಒಂದು ಬುದ್ಧಿ ಇದೆ. ಜಾಗಕ್ಕೆ ಬೆಲೆ ಇದೆ ಅನ್ನೋದು ಮಾತ್ರ ಅವಳಿಗೆ ಇನ್ನೂ ತಿಳಿದಿಲ್ಲ.

ತರಬೇತಿ ಪಡೆದ ಟೀಚರು ಇಲ್ಲಿ ಹೊಡೆಯುವುದಿಲ್ಲ. ಪೊರಕೆ ಕಡ್ಡಿ ತರಿಸುತ್ತಾರೆ. ಹತ್ತು ಹತ್ತು ಕಡ್ಡಿ ಸೇರಿಸಿ ದಾರದಿಂದ ಕಟ್ಟಿಸುತ್ತಾರೆ. ಅಂಥ ಹತ್ತು ಕಟ್ಟು ಸೇರಿಸಿ ಒಂದು ದೊಡ್ಡ ಕಟ್ಟು. ಅದು ನೂರು. ಈಗ ದೊಡ್ಡ ಕಟ್ಟು ಒಂದು, ಚಿಕ್ಕ ಕಟ್ಟು ಮೂರು, ಬಿಡಿ ಕಡ್ಡಿ ಐದು. ಒಂದು, ಮೂರು, ಐದು. 135. ಹುಡುಗಿ ತಾನೇ ಬರೆಯುತ್ತಾಳೆ. ಮತ್ತೆ ಮರೆಯುವುದಿಲ್ಲ.

ಮಗು ಯಾಕೆ ತಪ್ಪು ಮಾಡಿತು ಎಂದು ನೋಡುವುದು, ಆಮೇಲೆ ಸರಿ ದಾರಿ ತೋರಿಸುವುದು. ಈ ಕೆಲಸ ತಾನಾಗಿ ಬರುವುದಿಲ್ಲ. ಕಲಿಯಬೇಕು.

ಇನ್ನೊಂದು ಮಾತು. ಲಂಬಾಣಿ ತಾಂಡಾದಿಂದ ಬರುವ ಮಗು ಇರುತ್ತದೆ. ಮನೆಯಲ್ಲಿ ಲಂಬಾಣಿ ಮಾತು. ಶಾಲೆಯಲ್ಲಿ ಕನ್ನಡ. ಮೊದಲ ತಿಂಗಳು ಆ ಮಗು ಬಾಯೇ ಬಿಡುವುದಿಲ್ಲ. ತುಳು, ಉರ್ದು, ತೆಲುಗು ಮನೆಮಾತಿನ ಮಕ್ಕಳೂ ಹಾಗೇ. ಟೀಚರಿಗೆ ಇದು ಗೊತ್ತಿರಬೇಕು. ಇಲ್ಲದಿದ್ದರೆ "ಈ ಮಗುಗೆ ತಲೆ ಇಲ್ಲ" ಎಂದು ಹಿಂದೆ ಕೂರಿಸಿಬಿಡುತ್ತಾರೆ. ಆ ಮಗು ಹಿಂದೆಯೇ ಉಳಿದುಬಿಡುತ್ತದೆ.

ನಿಮಗೂ ಇದು ಗೊತ್ತು. ಒತ್ತಕ್ಷರ ಕಲಿಯುವಾಗ ನೀವೆಲ್ಲ ಎಷ್ಟು ಕಷ್ಟಪಟ್ಟಿರಿ! "ಅಕ್ಕ" ಎಂದು ಬರೆಯಲು ಹೋಗಿ "ಅಕ" ಎಂದು ಬರೆದವರು ಎಷ್ಟು ಜನ! ನಿಜ ಹೇಳಬೇಕೆಂದರೆ, ನಾವು ಸಹ ಮೊದಮೊದಲು ನಿಮಗೆ ಅವಸರ ಮಾಡಿದೆವು. ಚಿಕ್ಕ ಮಕ್ಕಳಿಗೆ ಹೇಳಿಕೊಡುವ ರೀತಿ ನಮಗೆ ಗೊತ್ತಿತ್ತು. ದೊಡ್ಡವರಿಗೆ ಹೇಳಿಕೊಡುವ ರೀತಿಯನ್ನು ನಿಮ್ಮಿಂದಲೇ ಕಲಿತೆವು.

ಸಾವಿತ್ರಿಬಾಯಿ ಫುಲೆ ಅವರ ಹೆಸರು ಕೇಳಿದ್ದೀರಿ. ಅವರು 1831ರಲ್ಲಿ ಮಹಾರಾಷ್ಟ್ರದ ನಾಯಗಾಂವ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಒಂಬತ್ತು ವರ್ಷಕ್ಕೆ ಮದುವೆ ಆಯಿತು. ಆಗ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಮದುವೆ ಆದ ಮೇಲೆ ಗಂಡ ಜೋತಿಬಾ ಅಕ್ಷರ ಕಲಿಸಿದರು. ಅಷ್ಟಕ್ಕೇ ಅವರು ನಿಲ್ಲಿಸಲಿಲ್ಲ. ಅಹಮದ್‌ನಗರದಲ್ಲಿ, ಪುಣೆಯಲ್ಲಿ ಶಿಕ್ಷಕಿ ತರಬೇತಿ ಪಡೆದರು. 1848ರಲ್ಲಿ ಗಂಡ ಹೆಂಡತಿ ಸೇರಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅವರು ಶಾಲೆಗೆ ನಡೆದು ಹೋಗುವಾಗ ಜನ ಸಗಣಿ ಎಸೆಯುತ್ತಿದ್ದರಂತೆ. ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರಂತೆ. ಸೀರೆಯ ಕಥೆ ಎಲ್ಲರೂ ಹೇಳುತ್ತಾರೆ. ತರಬೇತಿ ಪಡೆದ ಸಂಗತಿ ಹೇಳುವವರು ಕಡಿಮೆ.

ಮೂರು ದಾರಿಗಳು

ಈಗ ಅಕ್ಕನ ಪ್ರಶ್ನೆಗೆ ಬರೋಣ. ಎಸ್ಸೆಸ್ಸೆಲ್ಸಿ ಆದ ತಕ್ಷಣ ಟೀಚರ್ ತರಬೇತಿಗೆ ಸೇರಲು ಆಗುವುದಿಲ್ಲ. ಮೊದಲು ಪಿ.ಯು.ಸಿ. ಮುಗಿಸಬೇಕು. ಅದು ಎರಡು ವರ್ಷ. ಪಿ.ಯು.ಸಿ.ಯಲ್ಲಿ ಬರೇ ಪಾಸಾದರೆ ಸಾಲದು. ನೂರಕ್ಕೆ 50 ಅಂಕ ಬರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಇದರಲ್ಲಿ ರಿಯಾಯಿತಿ ಇದೆ. ಅದಕ್ಕೇ ಪಿ.ಯು.ಸಿ. ಎರಡು ವರ್ಷ ಮಗಳನ್ನು ಮನೆಕೆಲಸಕ್ಕೆ ಎಳೆಯಬೇಡಿ. ಸಂಜೆ ಒಂದು ಗಂಟೆ ಹೆಚ್ಚು ಓದಿದರೆ ಮುಂದೆ ದಾರಿ ಸುಲಭ.

ಪಿ.ಯು.ಸಿ. ಆದ ಮೇಲೆ ದಾರಿ ಕವಲಾಗುತ್ತದೆ.

ಒಂದು ದಾರಿಯ ಹೆಸರು ಡಿ.ಎಲ್.ಎಡ್. ಇದು ಎರಡು ವರ್ಷದ ತರಬೇತಿ. ನಮಗಿಂತ ಹಿರಿಯರು ಇದನ್ನು ಟಿ.ಸಿ.ಎಚ್. ಎನ್ನುತ್ತಿದ್ದರು. ನಾವು ಓದುವಾಗ ಡಿ.ಎಡ್. ಎಂದು ಹೆಸರಿತ್ತು. ಈಗ ಡಿ.ಎಲ್.ಎಡ್. ಹೆಸರು ಬದಲಾಗಿದೆ. ಕೆಲಸ ಒಂದೇ. ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೆ ಪಾಠ ಹೇಳುವವರಿಗೆ ಇದು ನೇರ ದಾರಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಎಂದು ಸರ್ಕಾರದ್ದೇ ಸಂಸ್ಥೆ ಇದೆ. ಜನ ಅದನ್ನು ಡಯಟ್ ಎನ್ನುತ್ತಾರೆ. ಖಾಸಗಿ ಕಾಲೇಜುಗಳೂ ಇವೆ.

ಆ ಎರಡು ವರ್ಷದಲ್ಲಿ ಏನು ಕಲಿಸುತ್ತಾರೆ? ಮಗು ಹೇಗೆ ಬೆಳೆಯುತ್ತದೆ, ಹೇಗೆ ಕಲಿಯುತ್ತದೆ ಎಂದು ಕಲಿಸುತ್ತಾರೆ. ಕನ್ನಡ ಹೇಗೆ ಹೇಳಿಕೊಡಬೇಕು, ಗಣಿತ ಹೇಗೆ ಹೇಳಿಕೊಡಬೇಕು ಎಂದು ಕಲಿಸುತ್ತಾರೆ. ಹಾಡು, ಆಟ, ಚಿತ್ರ ಎಲ್ಲಾ ಇರುತ್ತದೆ. ಹಳೇ ರಟ್ಟು, ಬೀಜ, ಬಾಟಲಿ ಮುಚ್ಚಳ ಇವುಗಳಿಂದ ಪಾಠೋಪಕರಣ ಮಾಡುವುದು ಕಲಿಸುತ್ತಾರೆ. ನಿಜವಾದ ಶಾಲೆಗೇ ಹೋಗಿ ಪಾಠ ಮಾಡಿಸುತ್ತಾರೆ. ನಿಯಮದ ಪ್ರಕಾರ ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಯಲ್ಲಿ ಇರಬೇಕು.

ನಮ್ಮ ಮೊದಲ ಪಾಠ ಇನ್ನೂ ನೆನಪಿದೆ. ಎರಡು ಪುಟ ಪಾಠ ಯೋಜನೆ ಬರೆದುಕೊಂಡು ಹೋಗಿದ್ದೆವು. ಎರಡನೇ ಕ್ಲಾಸು. ಐದು ನಿಮಿಷಕ್ಕೆ ಬರೆದದ್ದೆಲ್ಲಾ ಮುಗಿದುಹೋಯಿತು. ಉಳಿದ ಹೊತ್ತು ಏನು ಮಾಡುವುದು? ಒಬ್ಬ ಹುಡುಗ ಅಳುತ್ತಿದ್ದ. ಇಬ್ಬರು ಜಡೆ ಎಳೆದುಕೊಂಡು ಜಗಳ ಆಡುತ್ತಿದ್ದರು. ಹಿಂದೆ ಕೂತು ನೋಡುತ್ತಿದ್ದ ಮೇಷ್ಟ್ರು ಎದ್ದು ಬಂದು ಒಂದು ಹಾಡು ಶುರು ಮಾಡಿದರು. ಮಕ್ಕಳೆಲ್ಲಾ ಸುಮ್ಮನೆ ಕೂತು ಹಾಡಿದರು. ಅವತ್ತು ಕಲಿತದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಎರಡನೇ ದಾರಿ ನಾಲ್ಕು ವರ್ಷದ ಡಿಗ್ರಿ. ಪಕ್ಕದ ಮನೆಯವರು ಹೇಳಿದ್ದು ಇದನ್ನೇ. ಪಿ.ಯು.ಸಿ. ಆದ ಮೇಲೆ ನೇರವಾಗಿ ಸೇರಬಹುದು. ನಾಲ್ಕು ವರ್ಷ ಮುಗಿದಾಗ ಬಿ.ಎ. ಅಥವಾ ಬಿ.ಎಸ್ಸಿ. ಪದವಿಯೂ ಸಿಗುತ್ತದೆ, ಬಿ.ಎಡ್. ಸಹ ಸಿಗುತ್ತದೆ. ಎರಡೂ ಒಟ್ಟಿಗೆ. ಇಂಥ ಓದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಮೈಸೂರಿನಲ್ಲಿ 1963ರಲ್ಲೇ ಕೇಂದ್ರ ಸರ್ಕಾರದ ಶಿಕ್ಷಣ ಕಾಲೇಜು ಶುರುವಾಯಿತು. ಈಗ ಅದನ್ನು ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎನ್ನುತ್ತಾರೆ. ಅಲ್ಲಿ ನಾಲ್ಕು ವರ್ಷದ ಓದು ಬಹಳ ಹಿಂದಿನಿಂದ ಇದೆ. ಆದರೆ ಅದು ಹೆಚ್ಚಾಗಿ ಹೈಸ್ಕೂಲು ಟೀಚರಿಗೆ ಇತ್ತು. ದೆಹಲಿ ವಿಶ್ವವಿದ್ಯಾಲಯ 1994ರಲ್ಲಿ ಚಿಕ್ಕ ಮಕ್ಕಳ ಟೀಚರಿಗೆಂದೇ ನಾಲ್ಕು ವರ್ಷದ ಪದವಿ ಶುರು ಮಾಡಿತು. ಅದು ದೊಡ್ಡ ಮಾತು. ಹೈಸ್ಕೂಲು ಟೀಚರಿಗೆ ಡಿಗ್ರಿ, ಚಿಕ್ಕ ಮಕ್ಕಳ ಟೀಚರಿಗೆ ಬರೇ ಸರ್ಟಿಫಿಕೇಟು ಎಂಬ ಭೇದ ಅಲ್ಲಿ ಹೋಯಿತು.

2020ರಲ್ಲಿ ಕೇಂದ್ರ ಸರ್ಕಾರ ಹೊಸ ಶಿಕ್ಷಣ ನೀತಿ ತಂದಿತು. 2030ರ ಹೊತ್ತಿಗೆ ಟೀಚರ್ ಆಗುವವರಿಗೆ ನಾಲ್ಕು ವರ್ಷದ ಈ ಪದವಿಯೇ ಇರಬೇಕು ಎಂದು ಅದರಲ್ಲಿ ಬರೆದಿದೆ. 2023ರಿಂದ ದೇಶದ ಕೆಲವು ಕಾಲೇಜುಗಳಲ್ಲಿ ಹೊಸ ಕೋರ್ಸು ಶುರುವಾಗಿದೆ. ಇದಕ್ಕೆ ಸೇರಲು ದೇಶಕ್ಕೆಲ್ಲಾ ಒಂದೇ ಪರೀಕ್ಷೆ. ಅದರ ಹೆಸರು ಎನ್.ಸಿ.ಇ.ಟಿ. ಕನ್ನಡದಲ್ಲೂ ಬರೆಯಬಹುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಕೋರ್ಸಿನಲ್ಲಿ ಹಂತಗಳಿವೆ. ಎರಡನೇ ಕ್ಲಾಸಿನವರೆಗೆ ಒಂದು ಹಂತ. ಮೂರರಿಂದ ಐದು ಇನ್ನೊಂದು. ಆರರಿಂದ ಎಂಟು ಮತ್ತೊಂದು. ಆಮೇಲೆ ಹೈಸ್ಕೂಲು. ಕಾಲೇಜಿನಲ್ಲಿ ಯಾವ ಹಂತ ಕಲಿಸುತ್ತಾರೆ ಎಂದು ಮೊದಲೇ ಕೇಳಬೇಕು.

ಮೂರನೇ ದಾರಿ ಚಿಕ್ಕಪ್ಪ ಹೇಳಿದ್ದು. ಮೊದಲು ಡಿಗ್ರಿ, ಆಮೇಲೆ ಬಿ.ಎಡ್. ಡಿಗ್ರಿಗೆ ಮೂರು ವರ್ಷ, ಬಿ.ಎಡ್.ಗೆ ಎರಡು ವರ್ಷ. ಈ ದಾರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕಾಗಿದೆ. ಯಾಕೆಂದರೆ ಎಷ್ಟೋ ಮನೆಯವರು ಎಡವಿದ್ದು ಇಲ್ಲೇ.

ನಮಗೆ ಗೊತ್ತಿರುವ ಒಂದು ಮನೆ ಇದೆ. ತಾಯಿ ಎರಡು ಎಮ್ಮೆ ಸಾಕಿ ಹಾಲು ಹಾಕುತ್ತಾರೆ. ಮಗಳಿಗೆ ಚಿಕ್ಕ ಮಕ್ಕಳೆಂದರೆ ಪ್ರಾಣ. ಮಗಳ ಓದಿಗೆ ತಾಯಿ ಒಂದು ಎಮ್ಮೆ ಮಾರಿದರು. ಬಿ.ಎ. ಆಯಿತು, ಬಿ.ಎಡ್. ಆಯಿತು. ಅಷ್ಟರಲ್ಲಿ 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಬಿ.ಎಡ್. ಓದಿದವರು ಒಂದರಿಂದ ಐದನೇ ಕ್ಲಾಸಿಗೆ ಟೀಚರ್ ಆಗಲು ಅರ್ಹರಲ್ಲ ಎಂದು ಕೋರ್ಟು ಹೇಳಿತು.

ಯಾಕೆ ಹಾಗೆ ಹೇಳಿತು? ಬಿ.ಎಡ್. ಕಡಿಮೆ ಓದು ಎಂದು ಅಲ್ಲ. ಬಿ.ಎಡ್.ನಲ್ಲಿ ದೊಡ್ಡ ಮಕ್ಕಳಿಗೆ ಪಾಠ ಹೇಳುವುದನ್ನು ಕಲಿಸುತ್ತಾರೆ. ಆರು ವರ್ಷದ ಮಗುವಿಗೆ ಕಲಿಸುವುದು ಬೇರೆ ವಿದ್ಯೆ. 2018ರಲ್ಲಿ ಒಂದು ಆದೇಶ ಬಂದಿತ್ತು. ಬಿ.ಎಡ್. ಆದವರೂ ಚಿಕ್ಕ ಮಕ್ಕಳಿಗೆ ಟೀಚರ್ ಆಗಬಹುದು, ಆಮೇಲೆ ಆರು ತಿಂಗಳ ತರಬೇತಿ ಪಡೆದರೆ ಸಾಕು ಎಂದು ಅದರಲ್ಲಿ ಇತ್ತು. ಅದನ್ನು ನಂಬಿ ಬಹಳ ಜನ ಬಿ.ಎಡ್. ಸೇರಿದರು. ಕೋರ್ಟು ಆ ಆದೇಶವನ್ನು ಒಪ್ಪಲಿಲ್ಲ.

ತೀರ್ಪು ಸರಿ ಎಂದೇ ನಮ್ಮ ಅಭಿಪ್ರಾಯ. ಆದರೆ ಎಮ್ಮೆ ಮಾರಿದ ತಾಯಿಗೆ ಅದನ್ನು ಹೇಗೆ ಹೇಳುವುದು? ಅವರು ನಮ್ಮನ್ನು ಕೇಳಿದ್ದು ಒಂದೇ ಮಾತು. "ಇದು ಮೊದ್ಲೇ ಯಾರಾದ್ರೂ ಹೇಳಬಾರ್ದಿತ್ತಾ?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆ ಹುಡುಗಿಯ ಓದು ಪೂರ್ತಿ ಹಾಳಾಗಿಲ್ಲ. ಆರರಿಂದ ಎಂಟನೇ ಕ್ಲಾಸಿಗೆ, ಹೈಸ್ಕೂಲಿಗೆ ಬಿ.ಎಡ್. ನಡೆಯುತ್ತದೆ. ಕರ್ನಾಟಕದಲ್ಲಿ 2022ರಲ್ಲಿ ಆರರಿಂದ ಎಂಟನೇ ಕ್ಲಾಸಿನ 15,000 ಪದವೀಧರ ಶಿಕ್ಷಕರ ಹುದ್ದೆಗೆ ಸರ್ಕಾರ ಅರ್ಜಿ ಕರೆದಿತ್ತು. ಆದರೆ ಅವಳ ಆಸೆ ಇದ್ದದ್ದು ಚಿಕ್ಕ ಮಕ್ಕಳ ಮೇಲೆ.

ಈಗ ಲೆಕ್ಕ ಹಾಕಿ ನೋಡೋಣ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿ.ಯು.ಸಿ. 2 ವರ್ಷ, ಡಿ.ಎಲ್.ಎಡ್. 2 ವರ್ಷ. ಒಟ್ಟು 4. ನಾಲ್ಕು ವರ್ಷದ ಡಿಗ್ರಿ ಆದರೆ 2 ಮತ್ತು 4, ಒಟ್ಟು 6. ಡಿಗ್ರಿ, ಬಿ.ಎಡ್. ಆದರೆ 2, 3, 2. ಒಟ್ಟು 7. ಹೆಚ್ಚು ವರ್ಷ ಓದಿದ್ದಕ್ಕೇ ಚಿಕ್ಕ ಮಕ್ಕಳ ಟೀಚರ್ ಆಗುವುದಿಲ್ಲ. ಯಾವ ಓದು ಎಂಬುದು ಮುಖ್ಯ.

ಹಾಗಾದರೆ ಡಿ.ಎಲ್.ಎಡ್. ಒಳ್ಳೆಯದೋ, ನಾಲ್ಕು ವರ್ಷದ ಡಿಗ್ರಿ ಒಳ್ಳೆಯದೋ? ಹತ್ತಿರದಲ್ಲಿ ಒಳ್ಳೆಯ ಕಾಲೇಜು ಇದ್ದು, ಪರೀಕ್ಷೆಯಲ್ಲಿ ಸೀಟು ಸಿಕ್ಕಿ, ಮನೆಯಲ್ಲಿ ನಾಲ್ಕು ವರ್ಷ ತಾಳುವ ಶಕ್ತಿ ಇದ್ದರೆ ಡಿಗ್ರಿಯೇ ಒಳ್ಳೆಯದು. ಮುಂದಿನ ಕಾಲ ಅದರದ್ದೇ. ಆದರೆ ಅಂಥ ಕಾಲೇಜು ಎಲ್ಲಾ ಕಡೆ ಇಲ್ಲ. ಎಲ್ಲರಿಗೂ ಸೀಟು ಸಿಗುವುದಿಲ್ಲ. ಸಿಗಲಿಲ್ಲ ಎಂದು ಮಗಳನ್ನು ಮನೆಯಲ್ಲಿ ಕೂರಿಸಬೇಡಿ. ಡಿ.ಎಲ್.ಎಡ್. ಮಾಡಿಸಿ. ಅದು ಆದ ಮೇಲೂ ಡಿಗ್ರಿ ಓದಬಹುದು. ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. 1996ರಲ್ಲಿ ಶುರುವಾದದ್ದು. ಕೆಲಸ ಮಾಡುತ್ತಾ, ಸಂಸಾರ ನೋಡಿಕೊಳ್ಳುತ್ತಾ ಅಲ್ಲಿ ಬಿ.ಎ. ಓದಿದ ಟೀಚರುಗಳು ಎಷ್ಟೋ ಮಂದಿ ಇದ್ದಾರೆ. ಡಿ.ಎಲ್.ಎಡ್. ಜೊತೆ ಡಿಗ್ರಿ ಇದ್ದರೆ ಆರರಿಂದ ಎಂಟನೇ ಕ್ಲಾಸಿನ ದಾರಿಯೂ ತೆರೆಯುತ್ತದೆ.

ಓದು ಮುಗಿದರೆ ಕೆಲಸ ಸಿಕ್ಕಿತೆ?

ಇಲ್ಲ. ಇದನ್ನು ಮುಚ್ಚಿಡಬಾರದು.

ತರಬೇತಿ ಆದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಅದನ್ನು ಟಿ.ಇ.ಟಿ. ಎನ್ನುತ್ತಾರೆ. ಶಿಕ್ಷಕರ ಅರ್ಹತಾ ಪರೀಕ್ಷೆ ಎಂದು ಅರ್ಥ. ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಆ ಕಾಯಿದೆ ಬಂದ ಮೇಲೆ ಈ ಪರೀಕ್ಷೆಯೂ ಬಂತು. ಒಂದರಿಂದ ಐದನೇ ಕ್ಲಾಸಿಗೆ ಒಂದು ಪತ್ರಿಕೆ, ಆರರಿಂದ ಎಂಟಕ್ಕೆ ಇನ್ನೊಂದು ಪತ್ರಿಕೆ. 150 ಪ್ರಶ್ನೆ, 150 ಅಂಕ. ಪಾಸಾಗಲು 90 ಅಂಕ ಬೇಕು. ಮೀಸಲಾತಿ ಇರುವವರಿಗೆ ಸ್ವಲ್ಪ ರಿಯಾಯಿತಿ ಇದೆ. ಒಮ್ಮೆ ಪಾಸಾದರೆ ಆ ಸರ್ಟಿಫಿಕೇಟು ಜೀವನ ಪೂರ್ತಿ ನಡೆಯುತ್ತದೆ. ಮೊದಲು ಏಳು ವರ್ಷ ಮಾತ್ರ ಇತ್ತು. 2021ರಲ್ಲಿ ಬದಲಾಯಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಆಗಲೇ ಕೆಲಸದಲ್ಲಿದ್ದ ಹಳೇ ಟೀಚರುಗಳೂ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇದ್ದರೆ, ಟಿ.ಇ.ಟಿ. ಪಾಸಾಗಬೇಕು ಎಂದಿತು. ತಲೆ ನರೆತ ಮೇಷ್ಟ್ರುಗಳೂ ಪುಸ್ತಕ ಹಿಡಿದು ಕೂತರು. ಓದುವ ಕಷ್ಟ ನಿಮಗೊಬ್ಬರಿಗೇ ಅಲ್ಲ!

ಟಿ.ಇ.ಟಿ. ಪಾಸಾದರೂ ಕೆಲಸ ಕೈಗೆ ಬರುವುದಿಲ್ಲ. ಸರ್ಕಾರ ಹುದ್ದೆಗೆ ಅರ್ಜಿ ಕರೆಯಬೇಕು. ಆಗ ಇನ್ನೊಂದು ಪರೀಕ್ಷೆ ಬರೆಯಬೇಕು. ಅರ್ಜಿಯನ್ನು ಪ್ರತಿ ವರ್ಷ ಕರೆಯುವುದಿಲ್ಲ. ಅಲ್ಲಿಯವರೆಗೆ ಕೆಲವರು ಅತಿಥಿ ಶಿಕ್ಷಕಿ ಆಗಿ ದುಡಿಯುತ್ತಾರೆ. ಖಾಸಗಿ ಶಾಲೆಗೆ ಸೇರುತ್ತಾರೆ. ಸಂಬಳ ಕಡಿಮೆ. ಇದನ್ನು ತಿಳಿದೇ ಹೆಜ್ಜೆ ಇಡಬೇಕು. "ದುಡ್ಡು ಕೊಡಿ, ಕೆಲಸ ಕೊಡಿಸ್ತೀವಿ" ಎನ್ನುವವರು ಬಂದರೆ ಬಾಗಿಲು ಹಾಕಿಕೊಳ್ಳಿ.

ಕಾಲೇಜಿಗೆ ಫೀಸು ಕಟ್ಟುವ ಮೊದಲು ಒಂದು ಮಾತು ಕೇಳಲೇಬೇಕು. "ಈ ಕೋರ್ಸಿಗೆ ಎನ್.ಸಿ.ಟಿ.ಇ. ಮಾನ್ಯತೆ ಇದೆಯಾ?" ಎನ್.ಸಿ.ಟಿ.ಇ. ಎಂದರೆ ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿ. ಮಾನ್ಯತೆ ಇಲ್ಲದ ಕಾಲೇಜಿನ ಸರ್ಟಿಫಿಕೇಟು ಸರ್ಕಾರಿ ಕೆಲಸಕ್ಕೆ ನಡೆಯುವುದಿಲ್ಲ. ಮಾನ್ಯತೆಯ ಕಾಗದ ತೋರಿಸಿ ಎನ್ನಿ. ತೋರಿಸಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. "ಕಾಲೇಜಿಗೆ ಬರೋದೇ ಬೇಡ, ಮನೆಗೇ ಸರ್ಟಿಫಿಕೇಟು ಬರುತ್ತೆ" ಎಂದರಂತೂ ನಂಬಲೇಬೇಡಿ. ಮಕ್ಕಳ ಮುಂದೆ ನಿಲ್ಲದೆ ಟೀಚರ್ ತರಬೇತಿ ಆಗುವುದಾದರೂ ಹೇಗೆ?

ಸಂಶಯ ಬಂದರೆ ನಿಮ್ಮ ತಾಲ್ಲೂಕಿನ ಬಿ.ಇ.ಒ. ಕಚೇರಿಗೆ ಹೋಗಿ ಕೇಳಬಹುದು. ಡಯಟ್‌ಗೆ ಹೋಗಿಯೂ ಕೇಳಬಹುದು. ಸ್ಕಾಲರ್‌ಶಿಪ್, ಹಾಸ್ಟೆಲು ವಿಚಾರ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯವರು ಹೇಳುತ್ತಾರೆ.

ಇಷ್ಟೆಲ್ಲಾ ನಾವು ಆ ರಾತ್ರಿಯೇ ಹೇಳಲಿಲ್ಲ. ಮೂರು ನಾಲ್ಕು ದಿನ ಪಾಠ ಮುಗಿದ ಮೇಲೆ ಸ್ವಲ್ಪ ಸ್ವಲ್ಪ ಮಾತಾಡಿದೆವು. ಅಕ್ಕ ತಮ್ಮ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಂಡರು. "ಯಾವ ಕ್ಲಾಸಿಗೆ? ಮಾನ್ಯತೆ ಇದೆಯಾ? ಫೀಸು ಎಷ್ಟು? ಹಾಸ್ಟೆಲು ಇದೆಯಾ?" ಅಷ್ಟು ಬರೆಯಲು ಅವರಿಗೆ ಅರ್ಧ ಗಂಟೆ ಹಿಡಿಯಿತು. "ಕ್ಲಾಸಿಗೆ" ಬರೆಯುವಾಗ ಕಾ ಕೆಳಗಿನ ಒತ್ತು ಲ ಬಿಟ್ಟುಹೋಗಿತ್ತು. ನಾವು ಹೇಳುವ ಮೊದಲು ಅವರೇ ನೋಡಿ ತಿದ್ದಿದರು.

ಮುಂದಿನ ವಾರ ಅವರ ಮೈದುನ ಪೇಟೆಯಿಂದ ಒಂದು ಬಣ್ಣದ ಕಾಗದ ತಂದನಂತೆ. ಕಾಲೇಜಿನ ಜಾಹೀರಾತು. "ಇಲ್ಲೇ ಸೇರ್ಸೋಣ ಅತ್ತಿಗೆ, ಕಡೆಗೆ ಬಿ.ಎಡ್.ವರೆಗೂ ಇವರೇ ನೋಡ್ಕೋತಾರೆ" ಎಂದನಂತೆ. ಅಕ್ಕ ದೀಪದ ಕೆಳಗೆ ಕೂತು ಆ ಕಾಗದ ಓದಿದರು. ಅಕ್ಷರ ಅಕ್ಷರ ಕೂಡಿಸಿ ಓದಿದರು. ಆಮೇಲೆ ಮೈದುನನನ್ನು ಕೇಳಿದರು: "ಇದ್ರಲ್ಲಿ ಡಿ.ಎಲ್.ಎಡ್. ಎಲ್ಲಿದೆಯಪ್ಪಾ? ಮಾನ್ಯತೆ ಅಂತ ಎಲ್ಲೂ ಬರೆದೇ ಇಲ್ವಲ್ಲ?"

ಮಗಳು ಈಗ ಪಿ.ಯು.ಸಿ. ಮೊದಲ ವರ್ಷ ಓದುತ್ತಿದ್ದಾಳೆ. ಆ ನೋಟ್‌ಬುಕ್ಕಿನ ಕೊನೇ ಹಾಳೆ ಹರಿಯದ ಹಾಗೆ ಅಕ್ಕ ಅದಕ್ಕೆ ರಟ್ಟು ಹಾಕಿಸಿ ಇಟ್ಟಿದ್ದಾರೆ.